ಒಂದೇ ರೂಪಾಯಿ, ಹಲವು ಅಚ್ಚು

ಬೆಂಗಳೂರು–ಹೈದರಾಬಾದ್ ಹೆದ್ದಾರಿಯ ಪೆರೇಸಂದ್ರ ಮತ್ತು ಅದರ ಸುತ್ತಿನ ಹಳ್ಳಿಗಳ ಹಳೆಯ ಮನೆಗಳಲ್ಲಿ ದೇವರ ಪೆಟ್ಟಿಗೆಯ ತಳ ತಡಕಿದರೆ, ಅರಿಶಿನ–ಕುಂಕುಮ ಮೆತ್ತಿಕೊಂಡ ನಾಲ್ಕಾರು ಬೆಳ್ಳಿ ರೂಪಾಯಿ ಸಿಗುವುದುಂಟು. ವರಮಹಾಲಕ್ಷ್ಮಿ ಹಬ್ಬಕ್ಕೆ ಹೊರಗೆ ಬಂದು, ಹಬ್ಬ ಮುಗಿದ ಮೇಲೆ ಒಳಗೆ ಹೋಗುತ್ತವೆ. ಮನೆಯಲ್ಲಿ ಮದುವೆ ಕೂಡಿಬಂದರೆ ಅವು ಸೀದಾ ಅಕ್ಕಸಾಲಿಯ ತಕ್ಕಡಿಗೆ. ಅಕ್ಕಸಾಲಿಗೆ ಬೇಕಾದ್ದು ತೂಕ. ಕಾಲುಂಗುರವಾದ ಮೇಲೆ ರಾಣಿಯ ಮುಖವೂ ಇಲ್ಲ, ಇಸವಿಯೂ ಇಲ್ಲ. ಕರಗಿಸುವ ಮೊದಲು ಮನೆಯ ಹುಡುಗನೋ ಹುಡುಗಿಯೋ ಭೂತಗನ್ನಡಿ ಹಿಡಿದು ಅರ್ಧ ಗಂಟೆ ಕೂತರೆ, ಒಂದೇ ಬಗೆಯವೆಂದುಕೊಂಡಿದ್ದ ರೂಪಾಯಿಗಳು ಒಂದೊಂದೂ ಬೇರೆಯಾಗಿ ಕಾಣತೊಡಗುತ್ತವೆ.

ಕಾರಣ ಅಚ್ಚಿನಲ್ಲಿದೆ. ಬ್ರಿಟಿಷರ ಕಾಲದ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ ತೂಗುತ್ತಿತ್ತು. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಟಂಕಸಾಲೆಯಲ್ಲಿ ಬೆಳ್ಳಿಯ ಬಿಲ್ಲೆಯನ್ನು ಎರಡು ಉಕ್ಕಿನ ಅಚ್ಚುಗಳ ನಡುವೆ ಇಟ್ಟು ಒತ್ತುತ್ತಿದ್ದರು. ಉಕ್ಕೂ ಸವೆಯುತ್ತದೆ, ಬಿರುಕು ಬಿಡುತ್ತದೆ. ಆಗ ಹೊಸ ಅಚ್ಚು ಬೇಕು. ಪ್ರತಿ ಸಲ ಹೊಸ ಅಚ್ಚು ಮಾಡುವಾಗಲೂ ಏನಾದರೊಂದು ಕೂದಲೆಳೆಯಷ್ಟು ಬದಲಾಗಿಬಿಡುತ್ತದೆ. ಇಸವಿಯ ಅಂಕಿ ತುಸು ವಾಲಬಹುದು, ಮಾಲೆಯಲ್ಲಿ ಒಂದು ಹಣ್ಣು ಹೆಚ್ಚಬಹುದು.

ಈಸ್ಟ್ ಇಂಡಿಯಾ ಕಂಪನಿಯ 1840ರ ರೂಪಾಯಿ ಇದಕ್ಕೆ ಒಳ್ಳೆಯ ಪಾಠ. ಒಂದು ಬಗೆಯಲ್ಲಿ ವಿಕ್ಟೋರಿಯಾ ರಾಣಿಯ ಹೆಸರು ತಲೆಯ ಸುತ್ತ ಎಡೆಬಿಡದೆ ಸಾಗುತ್ತದೆ, ಇನ್ನೊಂದರಲ್ಲಿ ತಲೆಯ ಎರಡೂ ಬದಿಗೆ ಒಡೆದು ನಿಲ್ಲುತ್ತದೆ. ಇದಕ್ಕೆ ಕನ್ನಡಕವೂ ಬೇಡ. ಆದರೆ ಹಿಂಬದಿಯ ಎಲೆಮಾಲೆಯ ಹಣ್ಣು ಎಣಿಸಲು ತಾಳ್ಮೆ ಬೇಕು. ಕೆಲವದರಲ್ಲಿ 28, ಕೆಲವದರಲ್ಲಿ 35. ರಾಣಿಯ ಕತ್ತಿನ ಕೆಳಗೆ ಕೆಲವು ನಾಣ್ಯಗಳಲ್ಲಿ ಎರಡು ‘ಡಬ್ಲ್ಯು’ ಕಾಣುತ್ತವೆ. ಅವು ಮುಖ ಕೆತ್ತಿದ ವಿಲಿಯಂ ವಯಾನನ ಹೆಸರಿನ ಮೊದಲಕ್ಷರಗಳು.

1862ರ ರೂಪಾಯಿ ಇನ್ನೂ ತಮಾಷೆಯದು. ಆ ಇಸವಿ ಹೊತ್ತ ನಾಣ್ಯಗಳು 1874ರ ವರೆಗೂ ಅಚ್ಚಾಗುತ್ತಲೇ ಇದ್ದವು. ಹಾಗಾದರೆ ಯಾವುದು ಯಾವ ವರ್ಷದ್ದು? ಮುಂಬೈ ಟಂಕಸಾಲೆಯವರು ನಾಣ್ಯದ ಮೇಲೆ ಪುಟ್ಟ ಚುಕ್ಕೆಗಳನ್ನು ಸೇರಿಸುತ್ತ ಹೋದರು. ಇಸವಿಯ ಕೆಳಗೆ ಎಷ್ಟು, ಮೇಲ್ತುದಿಯ ಹೂವಿನ ಬಳಿ ಎಷ್ಟು ಎಂದು ಸಂಗ್ರಾಹಕರು ಇವತ್ತಿಗೂ ಎಣಿಸುತ್ತಾರೆ. ಹುಣಸೆಹಣ್ಣು ಹಾಕಿ ಉಜ್ಜಿದ ಮನೆಯಲ್ಲಿ ಮೊದಲು ಅಳಿಸಿಹೋಗುವುದು ಈ ಚುಕ್ಕೆಗಳೇ. ಮಿರಮಿರ ಮಿಂಚುವ ನಾಣ್ಯವನ್ನು ಕಂಡು ಸಂಗ್ರಾಹಕ ಮುಖ ಸಿಂಡರಿಸುವುದು ಅದಕ್ಕೇ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದ ರೂಪಾಯಿಯ ಪಾಡೂ ಅಷ್ಟೇ.

ಆ ಮುಂದಿನ ನಾಣ್ಯಗಳಲ್ಲಿ ಟಂಕಸಾಲೆಯ ಗುರುತು ಹುಡುಕಬೇಕು. ಹಿಂಬದಿಯಲ್ಲಿ ಇಸವಿಯ ಕೆಳಗಿನ ಅಲಂಕಾರದಲ್ಲಿ ಸಣ್ಣ ‘ಬಿ’ ಇದ್ದರೆ ಮುಂಬೈ. ಅದು ಒಂದರಲ್ಲಿ ಉಬ್ಬಿರುತ್ತದೆ, ಇನ್ನೊಂದರಲ್ಲಿ ತಗ್ಗಿರುತ್ತದೆ. ‘ಸಿ’ ಇದ್ದರೆ ಕಲ್ಕತ್ತ. ಕಲ್ಕತ್ತದವರು ಎಷ್ಟೋ ಸಲ ಗುರುತೇ ಹಾಕಲಿಲ್ಲ, ತಮ್ಮದು ಎಲ್ಲರಿಗೂ ಗೊತ್ತಿರುತ್ತದೆ ಎಂಬ ಗತ್ತೋ ಏನೋ!

ಅಚ್ಚಿನ ಒಂದು ಪುಟ್ಟ ಗೆರೆ ಸರ್ಕಾರವನ್ನೇ ಇಕ್ಕಟ್ಟಿಗೆ ಸಿಲುಕಿಸಿದ್ದು 1911ರಲ್ಲಿ. ಐದನೆಯ ಜಾರ್ಜ್ ದೊರೆಯ ನಿಲುವಂಗಿಯ ಮೇಲೆ ಒಂದು ಆನೆಯಿದೆ. ಅದರ ಸೊಂಡಿಲು ಮೊಟಕಾಗಿ, ನೋಡಿದವರ ಕಣ್ಣಿಗೆ ಹಂದಿಯಂತೆ ಕಂಡಿತು. ಜನರ ಧಾರ್ಮಿಕ ಭಾವನೆಗೆ ನೋವಾಗಿ ಗಲಾಟೆಯೆದ್ದಿತು. ಅಚ್ಚಾಗಿದ್ದ ಸುಮಾರು 94 ಲಕ್ಷ ರೂಪಾಯಿಗಳಲ್ಲಿ ಚಲಾವಣೆಗೆ ಬಂದಿದ್ದವು ಸುಮಾರು ಏಳು ಲಕ್ಷ ಎನ್ನುತ್ತಾರೆ; ಉಳಿದವು ಮತ್ತೆ ಕುಲುಮೆಗೆ ಹೋದವು. 1912ರ ನಾಣ್ಯದಲ್ಲಿ ಆನೆಗೆ ಸೊಂಡಿಲು ಉದ್ದವಾಯಿತು, ಕಿವಿ ದೊಡ್ಡದಾಯಿತು. ಮನೆಯಲ್ಲಿ 1911ರ ರೂಪಾಯಿ ಇದ್ದರೆ ಪಕ್ಕದಲ್ಲಿ 1912ರದನ್ನು ಇಟ್ಟು ಮಕ್ಕಳಿಗೆ ತೋರಿಸಬೇಕು. ಒಂದು ಅಚ್ಚು ಎಂದರೇನು ಎಂಬುದು ಅಲ್ಲೇ ಅರ್ಥವಾಗುತ್ತದೆ.

ಅಮೆರಿಕದಲ್ಲೂ ಇಂಥದೇ ಪ್ರಸಂಗ ನಡೆದಿತ್ತು. 1878ರಲ್ಲಿ ಬಂದ ಮಾರ್ಗನ್ ಬೆಳ್ಳಿ ಡಾಲರಿನ ಹದ್ದಿಗೆ ಮೊದಲು ಎಂಟು ಬಾಲದ ಗರಿಗಳಿದ್ದವು. ಅದೇ ವರ್ಷ ಅದನ್ನು ಏಳಕ್ಕೆ ಇಳಿಸಿದರು. ಕೆಲವು ಹಳೆಯ ಅಚ್ಚುಗಳ ಮೇಲೇ ಹೊಸದನ್ನು ಒತ್ತಿದ್ದರಿಂದ ಏಳು ಗರಿಗಳ ಕೆಳಗಿನಿಂದ ಹಳೆಯ ಗರಿಗಳ ತುದಿ ಇಣುಕುವ ನಾಣ್ಯಗಳೂ ಹುಟ್ಟಿದವು. ವ್ಯಾನ್ ಅಲೆನ್ ಮತ್ತು ಮ್ಯಾಲಿಸ್ ಎಂಬಿಬ್ಬರು ಇಂಥ ಅಚ್ಚುಭೇದಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟು ಪಟ್ಟಿ ಮಾಡಿದರು.

ಆ ಡಾಲರಿಗೂ ಪೆರೇಸಂದ್ರದ ಪೆಟ್ಟಿಗೆಗೂ ನಂಟು ಇರಬಹುದು ಎಂದರೆ ನಂಬುವುದು ಕಷ್ಟ. ಮೊದಲ ಮಹಾಯುದ್ಧದ ಕೊನೆಯ ವರ್ಷ ಭಾರತದಲ್ಲಿ ಬೆಳ್ಳಿಗೆ ಬರ ಬಂತು. ಕಾಗದದ ನೋಟಿನ ಮೇಲೆ ಜನರಿಗೆ ನಂಬಿಕೆ ಸಾಲದೆ, ಬೆಳ್ಳಿ ರೂಪಾಯಿ ಕೊಡಿ ಎನ್ನತೊಡಗಿದರು. ಬ್ರಿಟನ್ನಿನ ಕೋರಿಕೆಗೆ ಅಮೆರಿಕ 1918ರಲ್ಲಿ ಪಿಟ್‌ಮನ್ ಕಾಯ್ದೆ ಮಾಡಿ, 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಕರಗಿಸಿತು. ಆ ಬೆಳ್ಳಿಯ ಬಹುಪಾಲು ಹಡಗೇರಿ ಭಾರತಕ್ಕೆ ಬಂದು ಇಲ್ಲಿನ ಟಂಕಸಾಲೆಗಳಲ್ಲಿ ರೂಪಾಯಿಯಾಯಿತು. 1918, 1919ರ ರೂಪಾಯಿ ಹಿಡಿದ ಹುಡುಗನ ಅಂಗೈಯಲ್ಲಿ ಅಮೆರಿಕದ ಹದ್ದು ಕರಗಿ ಕೂತಿದ್ದರೂ ಕೂತಿರಬಹುದು. ಯಾವ ಡಾಲರ್ ಎಷ್ಟು ಕರಗಿತು ಎಂಬ ಲೆಕ್ಕವೇ ಉಳಿಯದ್ದರಿಂದ, ಅಲ್ಲಿಯ ಸಂಗ್ರಾಹಕರು ಉಳಿದ ಒಂದೊಂದರ ಗರಿ ಎಣಿಸುತ್ತ ಕೂತಿದ್ದಾರೆ.

1940ರಿಂದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು, 1947ರ ರೂಪಾಯಿ ನಿಕ್ಕಲ್ಲಿನದು. ಹಳೆಯ ಬೆಳ್ಳಿಯ ಕೊನೆಯ ಇಸವಿಯಾದ 1939ರ ಮುಂಬೈ ರೂಪಾಯಿ ಅಪರೂಪ. ಹಾಗಾಗಿ 1938ರ ಅಂಕಿ ತಿದ್ದಿ ಮಾರುವವರೂ ಇದ್ದಾರೆ. ಕೊಳ್ಳುವ ಮೊದಲು ಕೊನೆಯ ಅಂಕಿಯ ಸುತ್ತ ಉಜ್ಜಿದ ಗುರುತಿದೆಯೇ ನೋಡಬೇಕು. ಎರಕ ಹೊಯ್ದ ನಕಲಿಯಾದರೆ ಅಂಚಿನಲ್ಲಿ ಬೆಸುಗೆಯ ಗೆರೆ ಕಾಣಬಹುದು, ತೂಕವೂ ತಪ್ಪುತ್ತದೆ. ಅಕ್ಕಸಾಲಿಯ ತಕ್ಕಡಿ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿ.

ನಾಣ್ಯದ ಅಂಚು ಹಿಡಿಯಬೇಕು, ಮುಖ ಮುಟ್ಟಬಾರದು. ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿಟ್ಟು ಇಸವಿ, ಗುರುತು, ತೂಕ, ಯಾರ ಕಾಲದಿಂದ ಮನೆಯಲ್ಲಿದೆ ಎಂಬುದನ್ನು ಮೇಲೆ ಬರೆಯಬೇಕು. ಕೊನೆಯದನ್ನು ಅಜ್ಜಿ ಇರುವಾಗಲೇ ಕೇಳಿ ಬರೆದುಕೊಳ್ಳುವುದು ವಾಸಿ. ಹೊಲ ಉಳುವಾಗ ಮಡಕೆಯಲ್ಲಿ ನಾಣ್ಯ ಸಿಕ್ಕರೆ ಮಾತ್ರ ಅದು ಮನೆಯ ಸಂಗ್ರಹವಲ್ಲ. ಕರ್ನಾಟಕದಲ್ಲಿ ಅದಕ್ಕೆ 1962ರ ನಿಧಿ ಕಾಯ್ದೆಯಿದೆ, ಜಿಲ್ಲಾಧಿಕಾರಿಗೆ ತಿಳಿಸಬೇಕು.