ಕಾಣದ ಬಡ್ಡಿ

ಪರದೆಯ ಮೇಲೆ ಸ್ಲೈಡು ಬಿಟ್ಟು ಭಾಷಣ ಮಾಡುವವರ ಮೇಲೆ ನನ್ನದೊಂದು ತಕರಾರಿದೆ. ಅವರು ಸ್ಲೈಡು ಮಾಡುವುದು ತಮ್ಮ ನೆನಪಿಗೆ, ನಮ್ಮ ಕಣ್ಣಿಗಲ್ಲ.

ಲಕ್ಷ್ಮೇಶ್ವರದ ನಮ್ಮ ಮಹಿಳಾ ಸಂಘಕ್ಕೆ ಸಾಲದ ಮಾಹಿತಿ ಕೊಡಲು ಸಾಹೇಬರೊಬ್ಬರು ಬಂದಿದ್ದರು. ಒಂದೊಂದು ಸ್ಲೈಡಿನಲ್ಲೂ ಇಪ್ಪತ್ತು ಸಾಲು. ನಮಗೆ ಬೆನ್ನು ಮಾಡಿ ಅದನ್ನೇ ಓದಿದರು. "ಸಾಹೇಬ್ರ, ಹಿಂದ ಕುಂತವರಿಗೆ ಏನೂ ಕಾಣವಲ್ದ್ರಿ" ಎಂದರೆ, "ಆಮೇಲೆ ಝೆರಾಕ್ಸ್ ಕೊಡ್ತೀವಮ್ಮ" ಎಂಬ ಉತ್ತರ. ಬಡ್ಡಿಯ ದರ ಮಾತ್ರ ಕೊನೆಯ ಸ್ಲೈಡಿನ ತಳದಲ್ಲಿ, ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ! ಹತ್ತನೆಯ ಶತಮಾನದಲ್ಲಿ ಪಂಪ ತನ್ನ ಕಾವ್ಯಕ್ಕೆ ಆರಿಸಿಕೊಂಡದ್ದು ಪುಲಿಗೆರೆಯ, ಅಂದರೆ ಇದೇ ಊರಿನ ಕನ್ನಡವನ್ನು. ಈ ಊರ ಹೆಂಗಸರಿಗೆ ಬಡ್ಡಿ ಎಂದರೆ ತಿಳಿಯುವುದಿಲ್ಲವೆ?

ಸಣ್ಣ ವಿಷಯಕ್ಕೆ ಇಷ್ಟು ಸಿಟ್ಟೇಕೆ ಎನ್ನಬೇಡಿ. 2003ರಲ್ಲಿ ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ ಮೇಲೇರುವಾಗ ಫೋಮಿನ ತುಂಡೊಂದು ರೆಕ್ಕೆಗೆ ಬಡಿದಿತ್ತು. ಹಿಂದೆ ಪರೀಕ್ಷಿಸಿದ್ದ ತುಂಡುಗಳು ಅದಕ್ಕಿಂತ ನೂರಾರು ಪಟ್ಟು ಚಿಕ್ಕವು ಎಂಬ ಮಾತು ಎಂಜಿನಿಯರುಗಳ ಸ್ಲೈಡಿನ ತಳದಲ್ಲಿ ಸಣ್ಣಕ್ಷರದಲ್ಲಿ ಅಡಗಿತ್ತು. ಫೆಬ್ರುವರಿ 1ರಂದು ಏಳೂ ಜನ ಹೋದರು. ತನಿಖಾ ಮಂಡಳಿಯ ವರದಿ ಆ ಸ್ಲೈಡನ್ನೂ ಬಿಡದೆ ಟೀಕಿಸಿತು.

"100 ರೂಪಾಯಿಗೆ ತಿಂಗಳಿಗೆ 2, ವರ್ಷಕ್ಕೆ 24." ಒಂದು ಸ್ಲೈಡಿಗೆ ಇಷ್ಟು ಸಾಕು, ಕೊನೆಯ ಸಾಲಿನ ಅಜ್ಜಿಗೂ ಕಾಣುವಷ್ಟು ದಪ್ಪಕ್ಷರದಲ್ಲಿ. ಉಳಿದದ್ದನ್ನು ಬಾಯಲ್ಲಿ ಹೇಳಲಿ, ಕರೆಸಿದ್ದೇ ಅದಕ್ಕಲ್ಲವೆ? ಬಿಳಿ ಪರದೆಗೆ ಹಳದಿ ಅಕ್ಷರ ಬೇರೆ! ನೆಲ ಸಾರಿಸಿದ ಮೇಲೇ ಬಿಳಿ ರಂಗೋಲಿ ಎದ್ದು ಕಾಣುವುದೆಂದು ನಮ್ಮಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು.