ಶಿಬಿರ ಮುಗಿದ ಮೇಲೂ ರಕ್ತ ಬೇಕು

ಸಮಾಜಸೇವೆಯನ್ನು ಅಳೆಯುವ ನಮ್ಮ ಮಾನದಂಡದಲ್ಲೇ ದೋಷವಿದೆ. ಎಷ್ಟು ಮಂದಿ ಸೇರಿದರು, ವೇದಿಕೆಯಲ್ಲಿ ಯಾರಿದ್ದರು, ಮರುದಿನದ ಪತ್ರಿಕೆಯಲ್ಲಿ ಚಿತ್ರ ಬಂತೇ ಎಂಬುದೇ ಯಶಸ್ಸಿನ ಲೆಕ್ಕವಾಗಿದೆ. ಈ ಲೆಕ್ಕ ಎಲ್ಲಕ್ಕಿಂತ ಹೆಚ್ಚು ತಪ್ಪುವುದು ರಕ್ತದಾನದಲ್ಲಿ.

ಪುತ್ತೂರಿನಲ್ಲಿ ರೋಟರಿ ಕ್ಯಾಂಪ್ಕೋ ರಕ್ತನಿಧಿ ಇದೆ. ಸ್ನೇಹಕೂಟವೊಂದರ ಹೆಸರೂ, 1973ರಲ್ಲಿ ಸ್ಥಾಪನೆಯಾದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯ ಹೆಸರೂ ಅಲ್ಲಿ ಒಂದೇ ಫಲಕದಲ್ಲಿವೆ. ಹೆರಿಗೆಯಲ್ಲಿ ರಕ್ತಸ್ರಾವವಾದ ತಾಯಿ, ಹೆದ್ದಾರಿಯಲ್ಲಿ ಅಪಘಾತಕ್ಕೀಡಾದ ಯುವಕ, ಕೆಲವು ವಾರಗಳಿಗೊಮ್ಮೆ ರಕ್ತ ಪಡೆಯಲೇಬೇಕಾದ ಥಲಸ್ಸೇಮಿಯಾ ಪೀಡಿತ ಮಗು, ಇವರಾರೂ ಬಾಟಲಿಯಲ್ಲಿರುವುದು ಯಾವ ಧರ್ಮದವರ ರಕ್ತವೆಂದು ಕೇಳುವುದಿಲ್ಲ. ಕರಾವಳಿಯಲ್ಲಿ ದ್ವೇಷವನ್ನು ಬಿತ್ತಿ ರಾಜಕೀಯದ ಫಸಲು ತೆಗೆಯುವವರಿಗೆ ಇದಕ್ಕಿಂತ ಸರಳವಾದ ಉತ್ತರ ಬೇರೇನಿದೆ?

ರೋಟರಿಯ ಹೆಸರಿನಲ್ಲೇ ಒಂದು ಪಾಠವಿದೆ. 1905ರಲ್ಲಿ ಶಿಕಾಗೋದಲ್ಲಿ ವಕೀಲ ಪೌಲ್ ಹ್ಯಾರಿಸ್ ಮತ್ತು ಅವರ ಮೂವರು ಸಂಗಡಿಗರು ಅದನ್ನು ಆರಂಭಿಸಿದಾಗ ಸಭೆಗಳು ಸದಸ್ಯರ ಕಚೇರಿಗಳಲ್ಲಿ ಸರದಿಯಂತೆ ನಡೆಯುತ್ತಿದ್ದವು. ಆ ಸರದಿಯಿಂದಲೇ ಹೆಸರು ಬಂತು. 1985ರಲ್ಲಿ ಪೋಲಿಯೋ ನಿರ್ಮೂಲನೆಯ ಜಾಗತಿಕ ಕಾರ್ಯಕ್ಕೆ ಕೈಹಾಕಿದ ಸಂಸ್ಥೆ ನಡುದಾರಿಯಲ್ಲಿ ಅದನ್ನು ಬಿಡಲಿಲ್ಲ. ಉತ್ತರ ಪ್ರದೇಶದ ಕೆಲವು ಮುಸ್ಲಿಂ ಮೊಹಲ್ಲಾಗಳಲ್ಲಿ ಲಸಿಕೆಯ ಹನಿಯ ಕುರಿತು ವದಂತಿ ಹಬ್ಬಿದಾಗ ಉಲಮಾಗಳು ಮುಂದೆ ಬಂದು ಸಂಶಯ ನಿವಾರಿಸಿದರು. ಭಾರತದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ದೇಶಕ್ಕೆ ಪೋಲಿಯೋ ಮುಕ್ತ ಪ್ರಮಾಣಪತ್ರ ದೊರೆತದ್ದು 2014ರ ಮಾರ್ಚ್ 27ರಂದು. ಒಂದು ದಿನದ ಉತ್ಸಾಹದಿಂದ ಆಗುವ ಕೆಲಸ ಅದಾಗಿರಲಿಲ್ಲ.

ನಮ್ಮ ಜಮಾಅತ್‌ಗಳು ಮತ್ತು ಯುವ ಸಂಘಟನೆಗಳೂ ರಕ್ತದಾನದಲ್ಲಿ ಹಿಂದೆ ಬಿದ್ದಿಲ್ಲ. ಆದರೆ ಸ್ವಾತಂತ್ರ್ಯೋತ್ಸವ, ಮೀಲಾದ್, ವಾರ್ಷಿಕೋತ್ಸವಗಳಂದು ಎಲ್ಲರೂ ಒಟ್ಟಿಗೆ ಶಿಬಿರ ಏರ್ಪಡಿಸಿದರೆ ಪ್ರಯೋಜನವೆಷ್ಟು? ಕೆಂಪು ರಕ್ತಕಣಗಳು ಶೀತಲ ಪೆಟ್ಟಿಗೆಯಲ್ಲಿ ಹೆಚ್ಚೆಂದರೆ 42 ದಿನ ಉಳಿಯುತ್ತವೆ. ಪ್ಲೇಟ್‌ಲೆಟ್‌ಗಳ ಆಯುಷ್ಯ ಕೇವಲ 5 ದಿನ. ಒಮ್ಮೆ ಕೊಟ್ಟ ಪುರುಷ ಮುಂದಿನ 90 ದಿನ, ಮಹಿಳೆ 120 ದಿನ ಮತ್ತೆ ಕೊಡುವಂತಿಲ್ಲ. ಅಂದರೆ ಒಂದೇ ದಿನ ನೂರು ಮಂದಿ ಕೊಟ್ಟ ಊರು ಮುಂದಿನ ಮೂರು ತಿಂಗಳು ಆ ನೂರು ದಾನಿಗಳನ್ನು ಕಳೆದುಕೊಂಡಂತೆ. ಕಾಲೇಜುಗಳು ಮುಚ್ಚಿರುವ ಬೇಸಿಗೆಯಲ್ಲಿ, ಹಗಲು ಉಪವಾಸವಿರುವ ರಮಝಾನಿನಲ್ಲಿ ದಾನಿಗಳನ್ನು ಹುಡುಕುವುದು ಇನ್ನಷ್ಟು ಕಷ್ಟ. ರೋಗ ಮಾತ್ರ ರಜೆ ತೆಗೆದುಕೊಳ್ಳುವುದಿಲ್ಲ.

ಹಣವಿದ್ದವರು ಕೊಂಡುಕೊಳ್ಳಲಿ ಎನ್ನುವಂತೆಯೂ ಇಲ್ಲ. ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಫಲವಾಗಿ 1998ರ ಜನವರಿ 1ರಿಂದ ದೇಶದಲ್ಲಿ ರಕ್ತದ ಮಾರಾಟ ನಿಷಿದ್ಧವಾಗಿದೆ. ರಕ್ತನಿಧಿ ಪಡೆಯುವುದು ಪರೀಕ್ಷೆ ಮತ್ತು ಸಂಸ್ಕರಣೆಯ ಶುಲ್ಕವನ್ನು ಮಾತ್ರ. ಶ್ರೀಮಂತನ ಚೆಕ್ಕು ಇಲ್ಲಿ ನಿರುಪಯೋಗಿ. ಬೇಕಾದದ್ದು ಮನುಷ್ಯನ ತೋಳು.

ಆದ್ದರಿಂದ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಜಮಾಅತ್‌ಗಳು, ಯುವಕ ಮಂಡಲಗಳು, ರೋಟರಿ, ಲಯನ್ಸ್‌ನಂತಹ ಸಂಸ್ಥೆಗಳು ಒಟ್ಟಿಗೆ ಕುಳಿತು ವರ್ಷದ ಸರದಿಯೊಂದನ್ನು ರೂಪಿಸಬಾರದೇಕೆ? ಪ್ರತಿ ವಾರ ಒಂದೊಂದು ಊರಿನಿಂದ ಕೆಲವೇ ಮಂದಿ ಹೋದರೂ ಸಾಕು. ಸುಳ್ಯದಲ್ಲಿ ವೈದ್ಯಕೀಯ ಕಾಲೇಜಿದೆ. ಕಡಬದ ಒಳನಾಡಿನವರಿಗೆ ಮಾತ್ರ ದೂರವೇ ದೊಡ್ಡ ಸಂಕಟ. ಅಲ್ಲಿನವರ ರಕ್ತದ ಗುಂಪು ಮತ್ತು ಕೊನೆಯ ಬಾರಿ ಕೊಟ್ಟ ದಿನಾಂಕ ಬರೆದಿಟ್ಟ ಒಂದು ಪುಸ್ತಕ ನಡುರಾತ್ರಿಯ ಅಲೆದಾಟವನ್ನು ತಪ್ಪಿಸೀತು. ರಮಝಾನಿನಲ್ಲಿ ಇಫ್ತಾರಿನ ಬಳಿಕ ರಾತ್ರಿ ಸಂಗ್ರಹಿಸುವ ಏರ್ಪಾಡಾಗಲಿ. 18 ತುಂಬಿದ, 45 ಕಿಲೋ ತೂಕವಿರುವ, ರಕ್ತಹೀನತೆಯಿಲ್ಲದ ನಮ್ಮ ಸೋದರಿಯರಿಗೂ ಪ್ರತ್ಯೇಕ ಸ್ಥಳ ಮತ್ತು ಮಹಿಳಾ ಸಿಬ್ಬಂದಿಯ ವ್ಯವಸ್ಥೆ ಇರಲಿ.

ಸರದಿಯ ಸೇವೆಗೆ ವೇದಿಕೆ ಇರುವುದಿಲ್ಲ, ಹಾರ ತುರಾಯಿ ಇರುವುದಿಲ್ಲ. ಯಾರ ಪ್ರಾಣ ಉಳಿಯಿತೆಂಬುದು ಕೊಟ್ಟವನಿಗೆ ತಿಳಿಯದು. ಯಾರು ಕೊಟ್ಟರೆಂಬುದು ಉಳಿದವನಿಗೂ ತಿಳಿಯದು. ಸಹೋದರತೆಯ ಕುರಿತು ನಾವು ಮಾಡುವ ಭಾಷಣಗಳು ನಿಜವೋ ಎಂಬುದು ಅಲ್ಲೇ ಪರೀಕ್ಷೆಗೊಳಗಾಗುತ್ತದೆ. ಮುಂದಿನ ಶಿಬಿರದ ದಿನ ನಿಗದಿ ಮಾಡುವ ಮುನ್ನ ಪ್ರತಿ ಜಮಾಅತ್ ಕಮಿಟಿಯೂ ಒಂದು ಪ್ರಶ್ನೆ ಕೇಳಿಕೊಳ್ಳಲಿ: ರಕ್ತನಿಧಿಗೆ ಅಗತ್ಯವಿರುವ ದಿನ ಯಾವುದು?