ಮಾಳಿಗೆಯ ಭಾರ, ಸಾಲದ ಭಾರ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಯ ಹಳ್ಳಿಗಳಲ್ಲಿ ಬೇಸಿಗೆಯೆಂದರೆ ಮನೆ ರಿಪೇರಿಯ ಕಾಲ. ಜೋಳ, ಕಡಲೆ ಮಾರಿದ ಹಣ ಮತ್ತು ಪುಣೆ, ಗೋವಾಗಳಿಗೆ ದುಡಿಯಲು ಹೋದವರು ತಂದ ಹಣ ಆಗ ಕೈಯಲ್ಲಿರುತ್ತದೆ. ಮುಂಗಾರಿಗೆ ಮುನ್ನ ಸೋರುವ ಮಾಳಿಗೆಯನ್ನು ಸರಿಪಡಿಸುವುದೋ, ಮನೆಯನ್ನೇ ಕೆಡವಿ ಆರ್‌ಸಿಸಿ ಕಟ್ಟುವುದೋ ಎಂಬ ಪ್ರಶ್ನೆ ಪ್ರತಿ ಪಡಸಾಲೆಯಲ್ಲೂ ಏಳುತ್ತದೆ. ಮಲೆನಾಡಿನ ಹೆಂಚಿನ ಮನೆಗಳವರಿಗೂ ಇದು ಹೊಸ ಪ್ರಶ್ನೆಯಲ್ಲ.

ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಆ ಬಯಲಿಗೆ ಮಾಳಿಗೆ ಮನೆ ಒಪ್ಪುವ ಮನೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಕಟ್ಟಿಗೆಯ ತೊಲೆ, ಜಂತಿ, ಅವುಗಳ ಮೇಲೆ ಮಣ್ಣು. ಮೇಲ್ಪದರಕ್ಕೆ ಸವಳು ಮಣ್ಣನ್ನೇ ಆರಿಸಿದ್ದರಲ್ಲಿ ಹಿರಿಯರ ಜಾಣ್ಮೆಯಿದೆ. ಹೊಲದಲ್ಲಿ ಬೆಳೆಗೆ ಮುಳುವಾಗುವ ಸೋಡಿಯಂ ಮಾಳಿಗೆಯ ಮೇಲೆ ಉಪಕಾರಿಯಾಗುತ್ತದೆ. ನೀರು ತಾಗಿದೊಡನೆ ಜೇಡಿಯ ಕಣಗಳು ಚದುರಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ, ನೀರು ಕೆಳಗಿಳಿಯದೆ ಹರಿದುಹೋಗುತ್ತದೆ.

ಆದರೆ ಈ ಜಾಣ್ಮೆಯ ಬೆನ್ನಿಗೇ ಒಂದು ಅಪಾಯ ಬೆಳೆದಿದೆ. ಹಳೆಯ ಮಣ್ಣನ್ನು ತೆಗೆಯದೆ ವರ್ಷವರ್ಷವೂ ಹೊಸ ಮಣ್ಣು ಹಾಕುತ್ತ ಹೋದರೆ ಪದರ ಒಂದು ಅಡಿಗೂ ಮೀರುತ್ತದೆ. ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಒಂದು ಕೋಣೆಯ ಮೇಲೆ ಒಂದು ಅಡಿ ಮಣ್ಣಿದ್ದರೆ ಅದರ ತೂಕ ಸುಮಾರು 9 ಟನ್. ಜಡಿಮಳೆಗೆ ನೆನೆದರೆ ಇನ್ನೂ ಒಂದು ಟನ್ನಿಗೂ ಹೆಚ್ಚು. ಗೆದ್ದಲು ತಿಂದ ತೊಲೆ ಅದನ್ನು ಎಷ್ಟು ದಿನ ಹೊತ್ತೀತು? 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದ ಮಹಾಮಳೆಯಲ್ಲಿ ಉತ್ತರ ಕರ್ನಾಟಕದಲ್ಲಿ ಲಕ್ಷಾಂತರ ಮನೆಗಳು ಬಿದ್ದುದನ್ನು ನಾಡು ಕಂಡಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಲಾತೂರಿನ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸಾವಿರಾರು ಜನ ಸತ್ತದ್ದು ಇಂಥ ಭಾರದ ಗೋಡೆ, ಮಾಳಿಗೆಗಳ ಅಡಿಯಲ್ಲಿಯೇ.

ಆದುದರಿಂದ ಮನೆ ರಿಪೇರಿಯ ಲೆಕ್ಕ ಬಣ್ಣ, ಟೈಲ್ಸುಗಳಿಂದಲ್ಲ, ಭಾರ ಮತ್ತು ನೀರಿನಿಂದ ಆರಂಭವಾಗಬೇಕು. ಮೊದಲ ಖರ್ಚು ಮಾಳಿಗೆಯ ಹಳೆಯ ಮಣ್ಣನ್ನು ಇಳಿಸುವುದಕ್ಕೆ. ಪದರವನ್ನು ಅರ್ಧ ಅಡಿಗೆ ತಂದರೆ ನಾಲ್ಕೂವರೆ ಟನ್ ಭಾರ ಇಳಿಯುತ್ತದೆ; ಇದಕ್ಕೆ ಬೇಕಾದದ್ದು ಬಹುಪಾಲು ಆಳಿನ ಕೂಲಿ ಮಾತ್ರ. ಎರಡನೆಯದು ಕೆಟ್ಟ ತೊಲೆ, ಜಂತಿಗಳ ಬದಲಾವಣೆ. ಮೂರನೆಯದು ಮಾಳಿಗೆಯ ನೀರು ಗೋಡೆಯ ಬುಡಕ್ಕೆ ಬೀಳದಂತೆ ದೂರ ಸಾಗಿಸುವ ವ್ಯವಸ್ಥೆ. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎನ್ನಿಸಿಕೊಂಡ ಅದೇ ಎರೆಮಣ್ಣು ಮನೆಯ ಅಡಿಪಾಯಕ್ಕೆ ವೈರಿ. ನೆನೆದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ, ಗೋಡೆಯನ್ನೂ ಬಿರಿಸುತ್ತದೆ. ಹೊಸ ಗೋಡೆ ಎಬ್ಬಿಸುವವರು ಎರೆಯನ್ನು ತೆಗೆದು ಗರಸು ತುಂಬಿಸುವ ಖರ್ಚನ್ನು ಲೆಕ್ಕದಲ್ಲಿ ಬರೆಯದಿದ್ದರೆ ಮೂರೇ ವರ್ಷದಲ್ಲಿ ಅದನ್ನು ಬಿರುಕಿನ ರೂಪದಲ್ಲಿ ಓದಬೇಕಾದೀತು.

ಲೆಕ್ಕದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಇನ್ನೊಂದು ಬಾಬು ಬಡ್ಡಿ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಬಯಲು ಪ್ರದೇಶದ ಮನೆಗೆ ಕೇಂದ್ರ ನಿಗದಿಪಡಿಸಿರುವ ಸಹಾಯಧನ 1.20 ಲಕ್ಷ ರೂಪಾಯಿ. ಮನೆಯ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್. ಹಣ ಬರುವುದು ಕಂತುಗಳಲ್ಲಿ, ಕೆಲಸ ಹಂತಹಂತವಾಗಿ ಮುಗಿದ ಮೇಲೆ. ಅಷ್ಟರವರೆಗೆ ಬಡವನು ಕೈಗಡ ಮಾಡುತ್ತಾನೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಂತೆ ಒಂದು ಲಕ್ಷ ತಂದರೆ ವರ್ಷಕ್ಕೆ 36,000 ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಂದರೆ ಸರಕಾರ ಕೊಟ್ಟುದರಲ್ಲಿ ನೂರಕ್ಕೆ ಮೂವತ್ತು ಪಾಲು ಗೋಡೆಗೆ ತಲುಪುವುದೇ ಇಲ್ಲ. ಕೈಯಲ್ಲಿರುವ ಹಣಕ್ಕೆ ತಕ್ಕಂತೆ ಈ ವರ್ಷ ಮಾಳಿಗೆ, ಬರುವ ವರ್ಷ ಗೋಡೆ ಎಂದು ಕೆಲಸವನ್ನು ಹಂಚಿಕೊಳ್ಳುವುದು, ಒಟ್ಟು ಅಂದಾಜಿನ ಹತ್ತನೆಯ ಒಂದು ಪಾಲನ್ನಾದರೂ ಅನಿರೀಕ್ಷಿತ ಖರ್ಚಿಗೆ ಎತ್ತಿಡುವುದು ವಿವೇಕ.

ಈ ಲೆಕ್ಕಕ್ಕೆ ಮತ್ತೊಂದು ಪುಟವೂ ಇದೆ. ಕೆಡವಿ ಕಟ್ಟುವ ಪ್ರತಿ ಮನೆಯೂ ನದಿಯ ಮರಳನ್ನು ಕೇಳುತ್ತದೆ. ಭೀಮಾಶಂಕರದ ಬೆಟ್ಟದಲ್ಲಿ ಹುಟ್ಟುವ ಭೀಮೆಯ ಒಡಲಿನಿಂದ ಮರಳು ಬರಿದಾದರೆ ದಂಡೆಯ ಬಾವಿಗಳ ನೀರೂ ಇಳಿಯುತ್ತದೆ. ಹಳೆಯ ಮನೆಯ ಕಲ್ಲು, ಗಟ್ಟಿ ತೊಲೆಗಳು ಆಗಲೇ ಬೆಲೆ ತೆತ್ತು ಗಳಿಸಿದ ಆಸ್ತಿ. ಅವನ್ನು ಮತ್ತೆ ಬಳಸಿದಷ್ಟೂ ಹಣವೂ ನದಿಯೂ ಉಳಿಯುತ್ತವೆ. ಹೊಸ ಇಟ್ಟಿಗೆ ಬೇಕೆಂದರೆ, ಹೊಲದ ಮೇಲ್ಮಣ್ಣನ್ನು ಸುಡುವ ಬದಲು ಕೂಡಗಿಯ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿಯಿಂದ ಇಟ್ಟಿಗೆ ಮಾಡಲು ಸಾಧ್ಯವಿದೆ.

ಸರಕಾರದ ವಸತಿ ನೀತಿ ಹೊಸ ಮನೆಯನ್ನು ಎಣಿಸುತ್ತದೆ, ಉಳಿದ ಮನೆಯನ್ನು ಎಣಿಸುವುದಿಲ್ಲ. ಮಾಳಿಗೆಯ ಭಾರ ಇಳಿಸಿ ತೊಲೆ ಬದಲಾಯಿಸುವ ಕುಟುಂಬಕ್ಕೂ ಮಳೆಗಾಲಕ್ಕೆ ಮುನ್ನವೇ ನೆರವು ದೊರೆಯಬೇಕು. ಬಿದ್ದ ಮೇಲೆ ಕೊಡುವ ಪರಿಹಾರಕ್ಕಿಂತ ಬೀಳದಂತೆ ನೋಡಿಕೊಳ್ಳುವ ಖರ್ಚು ಕಡಿಮೆ. ಜೀವದ ಬೆಲೆಯನ್ನು ಸೇರಿಸುವುದೇ ಬೇಡ.

ಮಲೆನಾಡು ಈ ಪಾಠವನ್ನು ಈಗಾಗಲೇ ದುಬಾರಿ ಬೆಲೆಗೆ ಕಲಿತಿದೆ. ಹೆಂಚಿಳಿಸಿ ತಾರಸಿ ಹಾಕಿಸಿದವರು, ಅದು ಸೋರತೊಡಗಿದ ಮೇಲೆ ತಾರಸಿಯ ಮೇಲೆ ಮತ್ತೆ ತಗಡಿನ ಮಾಡು ಹೊದಿಸುತ್ತಿದ್ದಾರೆ. ಒಂದೇ ಮನೆಗೆ ಎರಡು ಸೂರಿನ ಖರ್ಚು. ಬಯಲುಸೀಮೆಯ ಮಾಳಿಗೆಯಾಗಲಿ, ಘಟ್ಟದ ಹೆಂಚಾಗಲಿ, ಕೆಡವುವ ಮುನ್ನ ಒಮ್ಮೆ ಮಾಡಿನ ಮೇಲೆ ಹತ್ತಿ ನೋಡಿ, ಕಾಗದದ ಮೇಲೆ ಲೆಕ್ಕ ಬರೆಯುವುದು ಒಳ್ಳೆಯದು.